ವ್ಯಾನಿನ ಫ್ರಿಜ್ ಸರಿಹೋದ ಮೇಲೆ

ಬ್ಯಾಟರಿ ಇಳಿಯಬಹುದು, ವೈರು ಸುಡಬಹುದು, ಅಮ್ಮನ ಇನ್ಸುಲಿನ್ ಕೆಡಬಹುದು, ಹಳೇಬೀಡಿನ ಕೆರೆ ಏರಿಯ ಮೇಲೆ ಗಾಡಿಯೇ ನಿಂತುಬಿಡಬಹುದು! ಮಂಚ, ಒಲೆ ಎಲ್ಲ ಇರುವ ನಮ್ಮ ಪ್ರವಾಸದ ವ್ಯಾನಿನ ಕೆಟ್ಟ ಫ್ರಿಜ್ಜಿಗೆ ಹೊಸ ಕಂಪ್ರೆಸರ್ ಕೂರಿಸುತ್ತಿದ್ದ ಬೇಲೂರಿನ ಮೆಕ್ಯಾನಿಕ್ಕಿಗೆ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

“ಫ್ರಿಜ್ ತಣ್ಣಗಾಯ್ತದೆ ಸಾರ್, ನೀವೂ ವಸಿ ತಣ್ಣಗಾಗಿ” ಎಂದ.

ಮರುದಿನ ಹಳೇಬೀಡಿನಲ್ಲಿ ಊಟಕ್ಕೆ ಕೂತಾಗ ಇನ್ಸುಲಿನ್ ತಣ್ಣಗಿತ್ತು, ಗಾಡಿಯೂ ಕೈಕೊಟ್ಟಿರಲಿಲ್ಲ. ಕೆಟ್ಟ ಫ್ರಿಜ್ ಸದಾ ಬೆಚ್ಚಗಿರುತ್ತಿದ್ದುದರಿಂದ ಅಮ್ಮ ಅದರೊಳಗೇ ಹಾಲಿಗೆ ಹೆಪ್ಪು ಹಾಕಿಡುವುದನ್ನು ರೂಢಿಸಿಕೊಂಡಿದ್ದರು. ಅಂದೂ ಹಾಗೇ ಇಟ್ಟಿದ್ದ ಪಾತ್ರೆಯ ಮುಚ್ಚಳ ತೆಗೆದರೆ, ಹಾಲು ಹಾಲಾಗಿಯೇ ಇತ್ತು.

“ಕೆಟ್ಟಿದ್ದಾಗಲೇ ವಾಸಿಯಾಗಿತ್ತು ಕಣೋ” ಎಂದರು ಅಮ್ಮ.

ಅಷ್ಟೆಲ್ಲಕ್ಕೆ ಹೆದರಿದ ನಾನು ಮೊಸರಿಗೆ ಹೆದರುವುದನ್ನೇ ಮರೆತಿದ್ದೆ. ಅಂದು ಹಾಲನ್ನವೇ ಗತಿಯಾಯಿತು.