ಡಾಕ್ಟರಮ್ಮನ ಜೀಪಿನ ಎರಡು ಪಿನ್ನು

೧೯೯೦ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ ನಾನು ಓದು ಬಿಟ್ಟೆ. ಕುಂದಾಪುರದ ಒಂದು ಗ್ಯಾರೇಜಿಗೆ ಸೇರಿದೆ. ಅಲ್ಲಿಂದ ಇಂಗ್ಲಿಷರ ನಾಡಿನ ಈ ಗ್ರೀನ್‌ಫರ್ಡಿನ ನನ್ನ ಸ್ವಂತ ಗ್ಯಾರೇಜಿನ ತನಕ ಯಾರ ಶಿಫಾರಸೂ ಇಲ್ಲದೆ ಬಂದವನು ನಾನು. ಗಾಡಿ ವಿಷಯದಲ್ಲಿ ನನಗೆ ತಲೆಬುಡ ತಿಳಿಯದ ಹಾಗೆ ಮಾಡಿದವರು ಒಬ್ಬರೇ.

ಇಳಕಲ್ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಮೊಣಕಾಲುದ್ದ ಹಸಿರು ರಬ್ಬರ್ ಬೂಟು. ಬೂಟಿನ ತುಂಬ ಒಣಗಿದ ಕೆಸರು. ಎಜ್‌ವೇರಿನ ಡಾಕ್ಟರಮ್ಮ ಮೊದಲ ಸಲ ಬಂದದ್ದೇ ಹಾಗೆ. ಧಾರವಾಡದವರು, ಆಸ್ಪತ್ರೆಯಿಂದ ರಿಟೈರ್ ಆದವರು. ತೀರಿಹೋದ ಯಜಮಾನರ ಹಳೇ ಜೀಪು ಓಡಿಸಿಕೊಂಡು ಬಂದಿದ್ದರು.

“ತಮ್ಮಾ, ಮುಂದಿನ ಆಂಟಿ-ರೋಲ್ ಬಾರ್ ಕಳಚತೀಯೇನು?”

“ಎಂತಕ್ಕೆ ಅಮ್ಮಾ? ಮುರಿದಿದೆಯಾ?”

“ಏನೂ ಆಗಿಲ್ಲ. ಗಟ್ಟಿ ಅದ. ಅದಕ್ಕ ಕಳಚು ಅಂತೀನಿ.”

ಎಡಗಾಲಿ ಬಲಗಾಲಿಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಕಬ್ಬಿಣದ ಸಲಾಕೆ ಅದು. ತಿರುವಿನಲ್ಲಿ ಗಾಡಿ ವಾಲದ ಹಾಗೆ ಹಿಡಿಯುತ್ತದೆ. ಗಾಡಿ ವಾಲುತ್ತೆ ಅಂತ ಅಳುತ್ತ ಬಂದವರಿಗೆ ಅದನ್ನು ಹಾಕಿಕೊಟ್ಟೇ ನನ್ನ ಕೈ ಸವೆದಿದೆ. ಇವರಿಗೆ ವಾಲಬೇಕಂತೆ!

“ರಸ್ತೆ ಮ್ಯಾಲೆ ಅದು ಬೇಕು, ಖರೆ. ಗುಂಡಿಯೊಳಗ ಒಂದು ಗಾಲಿ ಇಳದರ ಇನ್ನೊಂದನ್ನ ಎತ್ತಿ ಹಿಡೀತದ. ಅಲ್ಲಿ ಪ್ರತಿ ಗಾಲಿಗೂ ತನ್ನ ನೆಲ ತಾನ ಹುಡಕಲಿಕ್ಕೆ ಬಿಡಬೇಕು.”

ಬೇಕಾದಾಗ ಬಿಡಿಸಿ ಕೂಡಿಸುವಂಥ ಲಿಂಕು ಹಾಕಿದೆ, ಎಡಕ್ಕೊಂದು ಬಲಕ್ಕೊಂದು ಪಿನ್ನು. ಭಾನುವಾರ ಕೆಂಟ್ ಕಡೆಯ ಹಳೇ ಕ್ವಾರಿಗೆ ಹೋಗಿ ಪಿನ್ನು ಕಿತ್ತು, ಕೆಸರಲ್ಲಿ ಓಡಾಡಿ, ಮತ್ತೆ ಕೂಡಿಸಿಕೊಂಡು ಬರುತ್ತಿದ್ದರು. ನಾನು ಬಗ್ಗಿ ನೋಡಿ ಸರಿಯಿದೆ ಅಂದ ಮೇಲೇ ಮನೆಗೆ.

“ಇದರಲ್ಲಿ ಎಂತ ಸುಖ ಅಮ್ಮಾ?” ಅಂತ ಒಮ್ಮೆ ಕೇಳಿಯೇಬಿಟ್ಟೆ.

“ಅವರಿದ್ದಾಗ ಅವರು ಓಡಸ್ತಿದ್ರು, ನಾ ಇಳದು ಕ್ವಾರಿ ಗೇಟು ತೆಗೀತಿದ್ದೆ. ಈಗ ನಾ ಓಡಸ್ತೀನಿ.”

“ಗೇಟು ಯಾರು ತೆಗೀತಾರೆ?”

“ಅದೂ ನಾನ!” ಅಂತ ನಕ್ಕರು. ನನಗೆ ಅರ್ಥವಾಗಲಿಲ್ಲ. ಚಹಾ ಕೊಟ್ಟೆ.

ಆ ವರ್ಷ ನವರಾತ್ರಿಯಲ್ಲಿ ಅವರ ಮಗ ಬಂದ. ಅವನೂ ಡಾಕ್ಟರು, ಇಲ್ಫರ್ಡಿನ ಕ್ಲಿನಿಕ್ಕಿನಲ್ಲಿ ಜಿಪಿ. ಹಿಂದಿನ ವಾರ ಜೀಪು ಗುಂಡಿಯಲ್ಲಿ ವಾಲಿ ಅಮ್ಮನ ತೋಳು ಬಡಿದು ಕಪ್ಪಗಾಗಿತ್ತು. “ಅಂಕಲ್, ಎಂಒಟಿ ಟೆಸ್ಟಲ್ಲಿ ಫೇಲ್ ಮಾಡಿಬಿಡಿ, ಪ್ಲೀಸ್. ಜೀಪು ಮಾರಿಬಿಡ್ತೀನಿ. ಮಮ್ ನನ್ನ ಮಾತು ಕೇಳಲ್ಲ.” ಕಣ್ಣು ತುಂಬಿತ್ತು. ನಾನೂ ತಂದೆಯೇ. ಆಗಲಿ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ.

ಗಾಡಿ ರಸ್ತೆಗಿಳಿಯಲು ವರ್ಷಕ್ಕೊಮ್ಮೆ ಬೇಕಾದ ಆ ಎಂಒಟಿ ಸರ್ಟಿಫಿಕೇಟು ಮುಗಿಯುವ ದಿನವೇ ಆಯುಧಪೂಜೆ. ಅಂದು ನನ್ನ ಗ್ಯಾರೇಜಿನಲ್ಲಿ ಬಿಚ್ಚುವ ಬಿಗಿಯುವ ಕೆಲಸ ಇಲ್ಲ. ಟೆಸ್ಟ್ ಮಾತ್ರ. ಸ್ಪ್ಯಾನರುಗಳೆಲ್ಲ ಕೆಂಪು ಬಟ್ಟೆಯ ಮೇಲೆ, ಅರಿಶಿನ ಕುಂಕುಮದಲ್ಲಿ ಕೂತಿದ್ದವು. ಡಾಕ್ಟರಮ್ಮ ಕ್ವಾರಿಯಿಂದ ನೇರ ಬಂದರು. ಕೆಸರು ಕಟ್ಟಿ ಎಡಗಡೆ ಪಿನ್ನು ಕೂತಿರಲಿಲ್ಲ. ಬಾರನ್ನು ಹಗ್ಗದಲ್ಲಿ ಮೇಲೆ ಕಟ್ಟಿ, ಮೆಲ್ಲಗೆ ತಂದಿದ್ದರು. ನಟ್ಟು ಸಡಿಲಿಸದೆ ಪಿನ್ನು ಕೂರದು.

ಇದ್ದ ಹಾಗೆ ಟೆಸ್ಟ್ ಮಾಡಿದರೆ ಫೇಲು. ಸುಳ್ಳೂ ಅಲ್ಲ, ಪೂಜೆಯೂ ಕೆಡುವುದಿಲ್ಲ, ಮಗನ ಆಸೆಯೂ ತೀರುತ್ತದೆ. ದೇವರೇ ದಾರಿ ತೋರಿಸಿದ್ದಾನೋ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೋ? ಲಿಫ್ಟಿಗೇರಿಸಿದ ಜೀಪಿನ ಕೆಳಗೆ ಟಾರ್ಚ್ ಹಿಡಿದು ನಿಂತೆ.

“ನನ್ನ ಮಗಾ ಬಂದಿದ್ದನೇನು?”

ನಾನು ಟಾರ್ಚನ್ನು ಬಲಗಡೆ ಪಿನ್ನಿನತ್ತ ತಿರುಗಿಸಿದೆ.

“ಫೇಲ್ ಮಾಡೋದಿದ್ರ ಮಾಡು ತಮ್ಮಾ. ಆದ್ರ ಗಾಡಿ ನೋಡಿ ಮಾಡು. ನನ್ನ ವಯಸ್ಸು ನೋಡಿ ಮಾಡಬ್ಯಾಡ.”

ಕೈಮುಗಿದು, ಕುಂಕುಮ ಹಚ್ಚಿದ್ದ ಸ್ಪ್ಯಾನರನ್ನೇ ಎತ್ತಿಕೊಂಡೆ. ನಟ್ಟು ಸಡಿಲಿಸಿ, ಕೆಸರು ಕೆರೆದು, ಪಿನ್ನು ಕೂಡಿಸಿದೆ. ಆಮೇಲೆ ಟೆಸ್ಟ್ ಮಾಡಿದೆ. ಕುಂದು ಹುಡುಕುತ್ತಲೇ ನೋಡಿದೆ. ಸಿಗಲಿಲ್ಲ. ಪಾಸು.

ಬೆರಳಿನ ಕುಂಕುಮ ಎಲ್ಲಿ ಒರೆಸುವುದು ಅಂತ ನೋಡುತ್ತಿದ್ದೆ. ಅವರು ಟೈರು ತೋರಿಸಿ, “ಅದಕ್ಕ ಹಚ್ಚು. ಅದರ ಪೂಜಿನೂ ಆಗಲಿ” ಅಂದರು.

ಆ ಚಳಿಗಾಲವಿಡೀ ಓಡಿಸಿದರು. ವಸಂತದಲ್ಲಿ, ಮನೆಯಲ್ಲಿ, ನಿದ್ದೆಯಲ್ಲೇ ಹೋದರು. ಜೀಪು ತೊಳೆದು ನಿಲ್ಲಿಸಿದ್ದರಂತೆ. ಮಗ ಕೀ ತಂದು ನನ್ನ ಕೈಗಿಟ್ಟ. “ನೀವು ಮಾಡಿದ್ದು ಸರಿ ಅಂತ ಈಗಲೂ ಅನಿಸಲ್ಲ ಅಂಕಲ್. ಆದ್ರೆ ಇದನ್ನ ಮಾರೋಕೆ ಆಗ್ತಿಲ್ಲ” ಅಂದ. ಸರಿಯೋ ತಪ್ಪೋ ನನಗೂ ಇವತ್ತಿನವರೆಗೆ ತಿಳಿದಿಲ್ಲ. ಮೊನ್ನೆ ಭಾನುವಾರ ಕ್ವಾರಿಯವರೆಗೆ ಹೋಗಿ, ಇಳಿದು ಗೇಟು ತೆಗೆದೆ. ಪಿನ್ನು ಕಿತ್ತೆ. ಸ್ವಲ್ಪ ಹೊತ್ತು ನಿಂತು, ಮತ್ತೆ ಕೂಡಿಸಿ ವಾಪಸು ಬಂದೆ.

ಈಗ ನನಗಿರುವುದು ಇಷ್ಟು: ಒಂದು ಗ್ಯಾರೇಜು, ಎರಡು ಲಿಫ್ಟು, ಒಂದು ಮನೆ, ಹೆಂಡತಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಲ್ಲಿ ಉತ್ತರ ಕೊಡುವ ಇಬ್ಬರು ಮಕ್ಕಳು, ಒಂದು ಹಳೇ ಜೀಪು, ಎರಡು ಪಿನ್ನು.