ಗೊತ್ತಿಲ್ಲ ಎನ್ನುವ ಮೆಕ್ಯಾನಿಕ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನಲ್ಲಿ ಬಾನೆಟ್ ತೆರೆದ ಕಾರಿನ ಮುಂದೆ ಮೆಕ್ಯಾನಿಕ್ ಕೂತಿದ್ದಾರೆ. ಎಡ ಅಂಗೈಯಲ್ಲಿ ಹಳೆಯ ಸೆನ್ಸರ್, ಬಲದಲ್ಲಿ ಹೊಸದು. ಎರಡೂ ಹೆಬ್ಬೆರಳಿನಷ್ಟೇ. ಯಾವುದನ್ನು ಹಾಕಬೇಕೆಂದು ನಿನ್ನೆಯಿಂದ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಹೆಂಡತಿ ಚಹಾ ತಂದಿಟ್ಟು ನೋಡುತ್ತಾರೆ. "ಎದ್ದಾಗಿಂದ ಅದರ ಮುಖಾನೇ ನೋಡ್ತಿದ್ದೀರಲ್ಲ, ಮಾತಾಡ್ತಾ?"

"ಅದು ಮಾತಾಡಿದ್ರೆ ನಾನ್ಯಾಕೆ ಬೇಕಿತ್ತು?"

ವಯಸ್ಸು ಐವತ್ತೆಂಟು, ಕಸುಬಿಗೆ ಮೂವತ್ತನಾಲ್ಕು ವರ್ಷ. ಬೇರೆ ಶೆಡ್ಡುಗಳಲ್ಲಿ ದಿನಕ್ಕೆ ಹತ್ತು ಕಾರು ಮುಗಿದರೆ ಇವರಲ್ಲಿ ಮೂರು. ಅದಕ್ಕೇ ಬೀದಿಯವರಿಗೆಲ್ಲ ಇವರು ನಿಧಾನಣ್ಣ.

ಈ ಕಾರು ಒಬ್ಬ ಶಾಲಾ ಶಿಕ್ಷಕಿಯದು. ಅವರ ತಮ್ಮನ ಕಿಡ್ನಿ ಕೆಟ್ಟಿದೆ. ವಾರಕ್ಕೆ ಮೂರು ಸಲ ಅವನನ್ನು ನಲವತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ಕರೆದೊಯ್ಯಬೇಕು. ಕಳೆದ ಗುರುವಾರ ಕಾರು ನಡುದಾರಿಯಲ್ಲಿ ನಿಂತಿತು. ಅರ್ಧ ಗಂಟೆ ಬಿಟ್ಟು, ಏನೂ ಆಗೇ ಇಲ್ಲವೆಂಬಂತೆ ಹೊರಟಿತು.

ಎಂಜಿನ್ ತಿರುಗುತ್ತಿದೆಯೆಂದು ಕಾರಿನ ಕಂಪ್ಯೂಟರಿಗೆ ತಿಳಿಸುವುದು ಈ ಸೆನ್ಸರ್. ಇದು ಸುಮ್ಮನಾದರೆ ಎಂಜಿನ್ನೂ ನಿಲ್ಲುತ್ತದೆ. ಈ ಮಾದರಿಯಲ್ಲಿ ಬಿಸಿಯಾದಾಗ ಕೈಕೊಡುವುದು ಮಾಮೂಲು. ಆದರೆ ನಿನ್ನೆ ನಾಲ್ಕು ಗಂಟೆ ಓಡಿಸಿದರೂ ಹಳೆಯದು ಕೈಕೊಡಲಿಲ್ಲ. ಹೊಸದನ್ನು ನಂಬೋಣವೆಂದರೆ, ಈಚೆಗೆ ಹಾಕಿದ ಏಳರಲ್ಲಿ ಮೂರು ಎರಡೇ ತಿಂಗಳಲ್ಲಿ ವಾಪಸ್ ಬಂದಿವೆ.

ಏಳು ಗಂಟೆಗೆ ಶಿಕ್ಷಕಿ ಬರುತ್ತಾರೆ. ಜೊತೆಗೆ ಬಂದ ತಮ್ಮ, ಶೆಡ್ಡಿನ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂರುತ್ತಾನೆ.

"ಏನಣ್ಣ, ಹೊಸದು ಹಾಕೋದಾ, ಬೇಡ್ವಾ?"

"ಗೊತ್ತಾಗ್ತಿಲ್ಲ ಟೀಚರ್."

"ನಿಮಗೇ ಗೊತ್ತಿಲ್ಲ ಅಂದ್ರೆ ನಾನ್ ಯಾರನ್ನ ಕೇಳ್ಲಿ?"

ನಿಧಾನಣ್ಣ ಕಲ್ಲಿನ ಮೇಲಿರುವ ಹುಡುಗನನ್ನು ಒಮ್ಮೆ ನೋಡುತ್ತಾರೆ. ಆಮೇಲೆ ಎದ್ದು, ಮೂಲೆಯಲ್ಲಿರುವ ತಮ್ಮದೇ ಕಾರಿನ ಬಾನೆಟ್ ಎತ್ತುತ್ತಾರೆ. ಅದೂ ಇದೇ ಮಾದರಿ. ಅದರ ಸೆನ್ಸರ್ ಬಿಚ್ಚಿ, ಬಟ್ಟೆಯಿಂದ ಒರೆಸಿ ಶಿಕ್ಷಕಿಯ ಕಾರಿಗೆ ಕೂರಿಸುತ್ತಾರೆ. ಹೊಸದನ್ನು ತಮ್ಮ ಕಾರಿಗೆ ಹಾಕಿಕೊಳ್ಳುತ್ತಾರೆ.

"ಎರಡು ವರ್ಷದಿಂದ ಒಂದು ದಿನಾನೂ ತಕರಾರು ಮಾಡಿಲ್ಲ ಇದು. ಹಾಗಂತ ನಿಮ್ಮ ಕಾರು ನಿಂತಿದ್ದು ಸೆನ್ಸರಿಂದಾನೇ ಅಂತ ಪ್ರಮಾಣ ಮಾಡಲ್ಲ."

"ಭಾನುವಾರ ಮಗಳ ಮನೆಗೆ ಹೋಗ್ಬೇಕು, ನೆನಪಿದ್ಯಾ?" ಒಳಗಿನಿಂದ ಹೆಂಡತಿಯ ಪ್ರಶ್ನೆ.

"ಹೊರಡೋದಂತೂ ಹೊರಡೋಣ. ನಿಂತ್ರೆ ತಳ್ಳೋಕೆ ನೀನಿದ್ದೀಯಲ್ಲ."

ಕಾರು ಹೋದ ಮೇಲೆ ಕೆಲಸಕ್ಕೆ ಕೈಹಾಕಿದರೂ ಮನಸ್ಸು ಕೂರುವುದಿಲ್ಲ. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪು ಕಾರಣವಾಗಿದ್ದರೆ? ಎಲ್ಲೋ ವೈರು ಸಡಿಲವಾಗಿದ್ದರೆ? ಎಂಟೂವರೆಗೆ ಶಿಕ್ಷಕಿಯ ಫೋನು ಬರುತ್ತದೆ. ಎಲ್ಲೂ ನಿಲ್ಲದೆ ಆಸ್ಪತ್ರೆ ತಲುಪಿದ್ದಾರೆ.

ನಿಧಾನಣ್ಣ ಕೈಯ ಗ್ರೀಸು ಒರೆಸಿಕೊಳ್ಳುತ್ತಾರೆ.

"ಮನೆಗೆ ಬಂದ್ಮೇಲೂ ಒಂದು ಫೋನ್ ಮಾಡಿ ಟೀಚರ್."