ನೀಲವ್ವನ ಹೊಲದ ಗೂಟಗಳು

ವಿದ್ಯುತ್ ಕಂಬ ಬರುವ ಜಾಗಕ್ಕೆ ಗೂಟ ಹೊಡೆಯುವುದು ಆಗ ನನ್ನ ಕೆಲಸ. ಬಬಲೇಶ್ವರದ ಹತ್ತಿರ ಜೈನಾಪುರದಲ್ಲಿ ಹೊಡೆದು ಸುಮ್ಮನೆ ಬರಬೇಕಿತ್ತು. ಬರಲಿಲ್ಲ. "ಇನ್ನ ಮುಂದ ಅಣುಶಕ್ತಿ ಬರತೈತಿ. ಒಂದ ಬೊಗಸಿ ಸಾಮಾನಿನಿಂದ ಇಡೀ ಜಿಲ್ಲಾಕ್ಕ ದೀಪ!" ಎಂದು ಊರವರ ಮುಂದೆ ಭಾಷಣ ಬಿಗಿದಿದ್ದೆ.

ಎರಡು ವರ್ಷದ ಮೇಲೆ ವಿಜಾಪುರದ ಕಚೇರಿಯಲ್ಲಿ ಹುಕುಂ ಆಯಿತು. ಅಣುವೋ, ಅಣೆಕಟ್ಟಿನ ನೀರೋ, ಕಲ್ಲಿದ್ದಲೋ ಎಂಬ ಮೇಲಿನವರ ವಾದ ಮುಗಿದಿಲ್ಲ, ಅಲ್ಲಿಯತನಕ ಲೈನ್ ಇಲ್ಲ, ಗೂಟ ಕಿತ್ತು ತಾ.

ಹೋಗಿ ನೋಡಿದರೆ ಎದೆಮಟ್ಟದ ಜೋಳ. ನಡುವೆ ಪ್ರತಿ ಗೂಟದ ಸುತ್ತ ಗಾಡಿಯ ಗಾಲಿಯಷ್ಟು ನೆಲ ಬಿತ್ತದೆ ಬಿಟ್ಟಿದ್ದರು. ಹೊಲದ ಒಡತಿ ನೀಲವ್ವ ಗಡಿಗೆ ಹಿಡಿದು ಒಂದು ಗೂಟಕ್ಕೆ ಸುಣ್ಣ ಬಳಿಯುತ್ತಿದ್ದಳು.

"ಕಂಬ ತಂದೀರೇನ್ರಿ ಯಪ್ಪಾ?"

"ಇನ್ನೂ ಇಲ್ಲ ಬೇ. ಕರೆಂಟ್ ಅಣುದಿಂದ ಮಾಡೂದೋ ನೀರಿಂದ ಮಾಡೂದೋ ಅಂತ ಜಗಳ ನಡದೈತಿ."

"ಯಾತರಿಂದರ ಮಾಡ್ಲಿ. ನಸುಕಿನ್ಯಾಗ ನಾನೂ ಸೊಸಿನೂ ಬೀಸೂಕಲ್ಲಿಗೆ ಎದುರುಬದುರು ಕುಂತು ಜ್ವಾಳ ಬೀಸತೇವ್ರಿ. ಎಣ್ಣಿ ಉಳೀಲಿ ಅಂತ ದೀಪ ಹಚ್ಚಂಗಿಲ್ಲ. ಹಾಡ ಹೇಳೂಮುಂದ ಆಕಿ ಮಾರಿ ಹೆಂಗಿರತೈತಿ ಅಂತ ಒಮ್ಮೆರ ನೋಡಬೇಕ್ರಿ. ಅದಕ್ಕ ಜಾಗಾ ಖಾಲಿ ಇಟ್ಟೇನಿ."

ಗೂಟ ಕೀಳಲು ತಂದ ಹಾರೆ ನನ್ನ ಕೈಯಲ್ಲೇ ಇತ್ತು. ಅದನ್ನು ಜೋಳದೊಳಗೆ ಮಲಗಿಸಿ, ಅವಳ ಗಡಿಗೆ ಇಸಿದುಕೊಂಡು ಉಳಿದ ಗೂಟಗಳಿಗೆ ನಾನೇ ಸುಣ್ಣ ಬಳಿದೆ. ಕಚೇರಿಗೆ ಬಂದು "ಗೂಟ ಸಿಗಲಿಲ್ಲ" ಎಂದು ಬರೆದುಕೊಟ್ಟೆ. ಸಾಹೇಬರು ಕಾಗದ ನೋಡಿದರು, ಸುಣ್ಣ ಮೆತ್ತಿದ ನನ್ನ ಕೈ ನೋಡಲಿಲ್ಲ.